ಗೋಡೆಗೆ ಬೆನ್ನು ಹಾಕಿ ನಿಲ್ಲುವ ಬೆಕ್ಕು

ಪಶುವೈದ್ಯೆಗೆ ಓದುಗರ ಪ್ರಶ್ನೆ

ಈ ಸಲ ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು, ನಾಯಿಯವು ಒಂದು ಕಡೆ, ಹಸುವಿನವು ಒಂದು ಕಡೆ, ಬೆಕ್ಕಿನವು ಇನ್ನೊಂದು ಕಡೆ ಎಂದು ವಿಂಗಡಿಸುತ್ತ ಹೋದೆ. ಬೆಕ್ಕಿನ ರಾಶಿಯೇ ಎತ್ತರವಾಯಿತು. ಅದರಲ್ಲೂ ಮುಕ್ಕಾಲು ಪಾಲು ಬೀಜ ತೆಗೆಸದ ಗಂಡು ಬೆಕ್ಕುಗಳ ಮೇಲಿನ ದೂರುಗಳು. ಹೀಗಾಗಿ ನಾಯಿ, ಹಸುವಿನವರು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಬೇಕು. ಪತ್ರ ಬರೆದವರ ಹೆಸರು ಕೈಬಿಟ್ಟು ಬೆಕ್ಕಿನ ಹೆಸರನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಬೆಕ್ಕುಗಳಿಗೆ ಮಾನದ ಚಿಂತೆಯಿಲ್ಲ.

ಪ್ರಶ್ನೆ: ನಮ್ಮ ಚಿಂಟುವಿಗೆ ಹನ್ನೊಂದು ತಿಂಗಳು. ಎರಡು ತಿಂಗಳ ಹಿಂದಿನವರೆಗೂ ಒಂದು ಹನಿ ಆಚೀಚೆ ಮಾಡದೆ ಮರಳಿನ ತಟ್ಟೆಯನ್ನೇ ಬಳಸುತ್ತಿದ್ದವನು ಈಗ ಪರದೆ, ಚಪ್ಪಲಿ ಗೂಡು, ನಮ್ಮ ಯಜಮಾನರ ಕಚೇರಿ ಚೀಲ ಎಲ್ಲದಕ್ಕೂ ಹಾರಿಸುತ್ತಾನೆ. ಒಮ್ಮೆ ಅವರು ಗದರಿದ್ದರು. ಅಂದಿನಿಂದ ಹಗೆ ಸಾಧಿಸುತ್ತಿದ್ದಾನೆ ಎಂದು ಅವರ ವಾದ. ಎರಡೇಟು ಹಾಕಿದ್ದೂ ಆಯಿತು, ಬುದ್ಧಿ ಬರಲಿಲ್ಲ. ವಾಸನೆಯ ನಾಚಿಕೆಗೆ ಮನೆಗೆ ನೆಂಟರನ್ನು ಕರೆಯುವುದನ್ನೇ ಬಿಟ್ಟಿದ್ದೇವೆ.

ಉತ್ತರ: ಹಗೆಯಲ್ಲ. ಹಗೆಯನ್ನು ಲೆಕ್ಕವಿಟ್ಟು ತೀರಿಸುವುದು ಮನುಷ್ಯರ ಕಸುಬು. ನಿಮ್ಮ ಯಜಮಾನರ ಚೀಲ ಅವನ ಗಮನ ಸೆಳೆಯಲು ಕಾರಣ ಬೇರೆಯೇ ಇದೆ. ಅದು ದಿನವೂ ಹೊರಗೆ ಹೋಗಿ, ಎಲ್ಲೆಲ್ಲೋ ನೆಲದ ಮೇಲೆ ಕುಳಿತು, ನೂರಾರು ವಾಸನೆ ಮೆತ್ತಿಕೊಂಡು ಮನೆಗೆ ಬರುತ್ತದೆ. ಚಪ್ಪಲಿಯೂ ಹಾಗೆಯೇ. ಹೊರಗಿನ ವಾಸನೆ ಮನೆಯೊಳಗೆ ಬಂದು ಕುಳಿತ ಕಡೆಯೆಲ್ಲ ಅದರ ಮೇಲೆ ತನ್ನದನ್ನು ಬರೆದು ಬರಬೇಕೆಂಬುದು ಪ್ರಾಯಕ್ಕೆ ಬಂದ ಗಂಡು ಬೆಕ್ಕಿನ ಮೈಯೊಳಗಿನ ಒತ್ತಾಯ.

ನೀವು ‘ಮೂತ್ರ ಮಾಡುತ್ತಾನೆ’ ಎನ್ನದೆ ‘ಹಾರಿಸುತ್ತಾನೆ’ ಎಂದು ಬರೆದು ನನ್ನ ಅರ್ಧ ಕೆಲಸ ಉಳಿಸಿದ್ದೀರಿ. ಎರಡೂ ಬೇರೆ ಬೇರೆ. ಮೂತ್ರಕ್ಕೆ ಹೋದ ಬೆಕ್ಕು ಕುಕ್ಕರಗಾಲಿನಲ್ಲಿ ಕೂರುತ್ತದೆ, ನೆಲದ ಮೇಲೆ ಒಂದು ಮಡುವಾಗುವಷ್ಟು ಮಾಡುತ್ತದೆ, ಕೆರೆದು ಮುಚ್ಚುತ್ತದೆ. ಹಾರಿಸುವವನು ಕೂರುವುದೇ ಇಲ್ಲ. ಮುಂದಿನ ಸಲ ಗದರುವ ಬದಲು ಸುಮ್ಮನೆ ನಿಂತು ನೋಡಿ. ಮೊದಲು ಗೋಡೆಯನ್ನೋ ಪರದೆಯನ್ನೋ ಮೂಸುತ್ತಾನೆ. ನಿಧಾನವಾಗಿ ತಿರುಗಿ ಅದಕ್ಕೆ ಬೆನ್ನು ಹಾಕುತ್ತಾನೆ. ಬಾಲ ಕಂಬದಂತೆ ನೆಟ್ಟಗಾಗಿ, ಮೀಟಿದ ತಂತಿಯಂತೆ ನಡುಗುತ್ತದೆ. ಹಿಂಗಾಲುಗಳು ನಿಂತಲ್ಲೇ ಮಣ್ಣು ತುಳಿಯುವಂತೆ ಏಳುತ್ತವೆ, ಇಳಿಯುತ್ತವೆ. ಮುಖದಲ್ಲಿ ಮಾತ್ರ ಸಹಿ ಹಾಕುತ್ತಿರುವ ದೊಡ್ಡ ಅಧಿಕಾರಿಯ ಗಾಂಭೀರ್ಯ. ಬೀಳುವುದು ಸ್ವಲ್ಪವೇ, ಆದರೆ ಇನ್ನೊಂದು ಬೆಕ್ಕಿನ ಮೂಗಿನ ಮಟ್ಟಕ್ಕೆ ಸರಿಯಾಗಿ ಬೀಳುತ್ತದೆ. ಮುಚ್ಚುವ ಗೋಜಿಗೆ ಹೋಗುವುದಿಲ್ಲ. ಓದಲೆಂದೇ ಬರೆದ ಕಾಗದವನ್ನು ಯಾರು ಮುಚ್ಚಿಡುತ್ತಾರೆ?

ಆ ವಾಸನೆಗೂ ಕಾರಣವಿದೆ. ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಎಂಬ ಗಂಧಕವುಳ್ಳ ಅಮೈನೋ ಆಮ್ಲವಿರುತ್ತದೆ. ಹೆಣ್ಣಿನಲ್ಲಿ, ಬೀಜ ತೆಗೆಸಿದ ಗಂಡಿನಲ್ಲಿ ಕಡಿಮೆ. ಬೀಜವಿರುವ ಗಂಡಿನಲ್ಲಿ ಬಹಳ ಹೆಚ್ಚು. ಅದು ಗಾಳಿಗೆ ಒಡ್ಡಿಕೊಂಡು ಒಡೆಯುತ್ತ ಹೋದಂತೆ ಗಂಧಕದ ಘಾಟು ಏಳುತ್ತದೆ. ಬೆಳಿಗ್ಗೆ ಅಷ್ಟಾಗಿ ಗೊತ್ತಾಗದ ಜಾಗ ಸಂಜೆಗೆ ಮೂಗು ಹಿಡಿಸುವುದು ಇದರಿಂದಲೇ.

ಇನ್ನು ಪರಿಹಾರ. ಚಿಂಟುವಿನ ವೃಷಣಗಳನ್ನು ತೆಗೆಸಿ. ಸುತ್ತಿ ಬಳಸಿ ಹೇಳುವುದು ನನಗೆ ಬಾರದು. ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೆ ಕತ್ತರಿಯ ಕೆಲಸ ಕೆಲವೇ ನಿಮಿಷದ್ದು. ಗಂಡು ಬೆಕ್ಕಿಗೆ ಹೊಟ್ಟೆ ಕೊಯ್ಯುವುದಿಲ್ಲ. ವೃಷಣದ ಚೀಲದ ಮೇಲೆ ಎರಡು ಸಣ್ಣ ಗೀರು, ಎಷ್ಟೋ ಸಲ ಹೊಲಿಗೆಯೂ ಬೇಕಾಗುವುದಿಲ್ಲ. ರಕ್ತದಲ್ಲಿನ ಗಂಡು ಹಾರ್ಮೋನು ಬೇಗನೆ ಇಳಿದುಹೋಗುತ್ತದೆ. ನಡವಳಿಕೆ ಮಾತ್ರ ಅಷ್ಟು ಅವಸರದ್ದಲ್ಲ. ಕೆಲವು ವಾರದಲ್ಲೇ ಸುಮ್ಮನಾಗುವವರಿದ್ದಾರೆ, ಕೆಲವು ತಿಂಗಳು ಹಿಡಿಯುವವರೂ ಇದ್ದಾರೆ. ಹತ್ತರಲ್ಲಿ ಸುಮಾರು ಒಂಬತ್ತು ಬೆಕ್ಕುಗಳಲ್ಲಿ ಹಾರಿಸುವುದು ನಿಲ್ಲುತ್ತದೆ ಇಲ್ಲವೇ ಬಹಳ ಕಡಿಮೆಯಾಗುತ್ತದೆ. ಉಳಿದ ಒಂದರ ಕಥೆಯನ್ನು ಕೆಳಗೆ ಇನ್ನೊಬ್ಬರು ಕೇಳಿದ್ದಾರೆ.

ಹೊಡೆಯುವುದನ್ನು ಇವತ್ತೇ ಬಿಡಿ. ಏಟು ತಿಂದ ಬೆಕ್ಕಿಗೆ ಮನೆ ಭದ್ರವಲ್ಲ ಎನ್ನಿಸುತ್ತದೆ. ಭದ್ರವಲ್ಲ ಎನ್ನಿಸಿದ ಮನೆಯಲ್ಲಿ ಅದು ಇನ್ನಷ್ಟು ಗುರುತು ಹಾಕುತ್ತದೆ. ಮೂತ್ರದಲ್ಲಿ ಮೂತಿ ಒರೆಸುವ ಹಳೆಯ ‘ಚಿಕಿತ್ಸೆ’ಯಿಂದ ಬೆಕ್ಕು ಕಲಿಯುವುದು ಒಂದೇ ಪಾಠ: ಈ ಮನುಷ್ಯ ಹತ್ತಿರ ಬಂದರೆ ಓಡು.

ತೊಳೆಯುವ ವಿಷಯದಲ್ಲಿ ನನ್ನದೇ ಪೆದ್ದುತನ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗುಂಡ ಎಂಬ ಬೆಕ್ಕನ್ನು ಸಾಕಿದ್ದೆ. ದಿನವೂ ಊರವರ ಬೆಕ್ಕುಗಳಿಗೆ ಆಪರೇಷನ್ ಮಾಡುತ್ತಿದ್ದವಳು ಗುಂಡನಿಗೆ ‘ಮುಂದಿನ ವಾರ’ ಎನ್ನುತ್ತ ಎಂಟು ತಿಂಗಳು ದಾಟಿಸಿದೆ. ಅವನು ನನ್ನ ಬಟ್ಟೆಯ ಕಪಾಟನ್ನು ಹಿಡಿದ. ನಾನು ಫಿನಾಯಿಲ್ ಸುರಿದು ಉಜ್ಜಿದೆ. ಮರುದಿನ ಅದೇ ಜಾಗಕ್ಕೆ ಮತ್ತೆ ಹಾರಿಸಿದ. ನಾನು ಮತ್ತೆ ಫಿನಾಯಿಲ್, ಅವನು ಮತ್ತೆ. ಹೀಗೆ ಒಂದು ವಾರ ಪತ್ರ ವ್ಯವಹಾರ ನಡೆಯಿತು. ಕೊನೆಗೊಂದು ದಿನ ಆ ಕಪಾಟಿನಲ್ಲಿದ್ದ ಬಿಳಿ ಕೋಟು ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಯಾರದೋ ಗಂಡು ಬೆಕ್ಕು ನನ್ನ ಕೋಟಿನ ಅಂಚು ಮೂಸಿ, ಒಂದು ಕ್ಷಣ ಯೋಚಿಸಿ, ತಿರುಗಿ ನಿಂತು ಅಲ್ಲೇ ಉತ್ತರ ಬರೆಯಿತು. ಗುಂಡನಿಗೆ ಅದೇ ಸಂಜೆ ಮುಹೂರ್ತವಿಟ್ಟೆ.

ಅದಿರಲಿ. ಬೆಕ್ಕಿರುವ ಮನೆಯಲ್ಲಿ ಫಿನಾಯಿಲ್ ಬೇಡವೇ ಬೇಡ. ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ನೆಲದಿಂದ ಪಾದಕ್ಕೆ, ಪಾದದಿಂದ ನಾಲಿಗೆಗೆ ಹೋಗಿ ವಿಷವಾಗುತ್ತದೆ. ಅಮೋನಿಯಾ ಇರುವ ದ್ರಾವಣವೂ ಬೇಡ, ಅದು ಬೆಕ್ಕಿನ ಮೂಗಿಗೆ ಮೂತ್ರದಂತೆಯೇ ಕಾಣುತ್ತದೆ. ಒದ್ದೆಯಿದ್ದರೆ ಉಜ್ಜದೆ ಬಟ್ಟೆ ಒತ್ತಿ ಹೀರಿಸಿ, ನೀರಿನಲ್ಲಿ ತೊಳೆದು, ಕಿಣ್ವವುಳ್ಳ ದ್ರಾವಣ ಹಚ್ಚಿ, ತಾನಾಗಿ ಒಣಗಲು ಬಿಡಿ. ಸಾಕುಪ್ರಾಣಿಗಳ ಕಲೆಗೆಂದೇ ಇಂಥವು ಸಿಗುತ್ತವೆ. ಹಳೆಯ ಕಲೆ ಎಲ್ಲಿದೆಯೆಂದು ಗೊತ್ತಾಗದಿದ್ದರೆ ರಾತ್ರಿ ದೀಪ ಆರಿಸಿ ಅತಿನೇರಳೆ ಬೆಳಕಿನ ಟಾರ್ಚ್ ಬಿಟ್ಟು ನೋಡಿ. ಹೊಳೆದು ಕಾಣಿಸುತ್ತದೆ. ಅಂದುಕೊಂಡದ್ದಕ್ಕಿಂತ ಹೆಚ್ಚು ಜಾಗದಲ್ಲಿ ಕಾಣಿಸಿದರೆ ಗಾಬರಿಯಾಗಬೇಡಿ.

ಪ್ರಶ್ನೆ: ನಮ್ಮ ಬೆಕ್ಕಿಗೆ ನಾಲ್ಕು ವರ್ಷ. ಈಗ ಮಾಡಿಸಿದರೆ ಪ್ರಯೋಜನವಿದೆಯೇ? ಕಾಲ ಮಿಂಚಿತೇ?

ಉತ್ತರ: ಮಿಂಚಿಲ್ಲ. ದೊಡ್ಡವಾದ ಮೇಲೆ ಮಾಡಿಸಿದವುಗಳಲ್ಲೂ ಬಹುಪಾಲು ಬೆಕ್ಕುಗಳ ಅಲೆದಾಟ, ಕಾದಾಟ, ಹಾರಿಸುವಿಕೆ ಇಳಿಯುತ್ತದೆ. ಆದರೆ ನಾಲ್ಕು ವರ್ಷದ ಅಭ್ಯಾಸ ಕಾಲಿಗೆ ಅಂಟಿರುತ್ತದೆ, ಹಾಗಾಗಿ ತಾಳ್ಮೆ ಬೇಕು. ಮರಿ ತಂದವರು ಮಾತ್ರ ಇಷ್ಟು ಕಾಯಬೇಡಿ. ಗಂಡು ಮರಿ ಐದಾರು ತಿಂಗಳಿಗೇ ಪ್ರಾಯಕ್ಕೆ ಬರಬಹುದು. ಐದನೆಯ ತಿಂಗಳು ತುಂಬುವುದರೊಳಗೆ ಮಾಡಿಸಿದರೆ ಗೋಡೆ, ಪರದೆ, ನೆಮ್ಮದಿ ಮೂರೂ ಉಳಿಯುತ್ತವೆ.

ಪ್ರಶ್ನೆ: ಡಾಕ್ಟರಮ್ಮನವರೇ, ನಾನು ಎಪ್ಪತ್ತು ದಾಟಿದವನು. ನನ್ನ ಭೀಮ ಮೂರು ವರ್ಷದ ಗಡವ ಬೆಕ್ಕು. ಕೆನ್ನೆ ಉಬ್ಬಿ ಹುಲಿಯಂತೆ ಕಾಣುತ್ತಾನೆ. ಆಗಾಗ ಐದಾರು ದಿನ ಮಾಯವಾಗಿ ಕಿವಿ ಹರಿದುಕೊಂಡು ಬರುತ್ತಾನೆ. ಮಗಳು ಆಪರೇಷನ್ ಮಾಡಿಸು ಎನ್ನುತ್ತಾಳೆ. ಗಂಡಾಗಿ ಹುಟ್ಟಿದವನ ಗಂಡಸುತನ ಕಿತ್ತುಕೊಳ್ಳುವುದು ಪಾಪವಲ್ಲವೇ? ಒಂದು ಸಲವಾದರೂ ಸಂಸಾರ ಮಾಡಲಿ ಎಂದು ನನ್ನ ಆಸೆ.

ಉತ್ತರ: ಹಿರಿಯರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರೀತಿಯಿಂದ ಬರೆದದ್ದು. ಆದರೂ ಮಗಳ ಪಕ್ಷ ವಹಿಸಬೇಕಾಗಿದೆ, ಬೇಸರಿಸಬೇಡಿ.

ಸಂಸಾರ ಎಂಬ ಮಾತು ಬೆಕ್ಕಿಗೆ ಒಪ್ಪುವುದಿಲ್ಲ. ಗಂಡು ಬೆಕ್ಕಿನ ಜನನಾಂಗದ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ಕೂಡಿ ಬಿಡಿಸಿಕೊಳ್ಳುವ ಗಳಿಗೆಯಲ್ಲಿ ಹೆಣ್ಣು ಚೀರಿ, ಸರ್‍ರನೆ ತಿರುಗಿ ಗಂಡಿನ ಮುಖಕ್ಕೆ ಉಗುರು ಹಾಕುತ್ತದೆ. ಅವನು ಓಡಿ ದೂರ ಕೂರುತ್ತಾನೆ. ಎಲ್ಲ ಸೇರಿ ಕೆಲವು ಸೆಕೆಂಡಿನ ಮಾತು. ಸುಮಾರು ಒಂಬತ್ತು ವಾರದ ಮೇಲೆ ಹುಟ್ಟುವ ಮರಿಗಳನ್ನು ಸಾಕುವುದು ತಾಯಿಯೊಬ್ಬಳೇ. ಆ ಹೊತ್ತಿಗೆ ತಂದೆ ಇನ್ನೊಂದು ಸೂರಿನ ಮೇಲೆ ಇನ್ನೊಬ್ಬನೊಡನೆ ಜಗಳಕ್ಕೆ ನಿಂತಿರುತ್ತಾನೆ. ಭೀಮ ಕಳೆದುಕೊಳ್ಳುತ್ತಾನೆಂದು ನೀವು ಮರುಗುತ್ತಿರುವ ಸುಖ ಇಷ್ಟು. ಮನುಷ್ಯನಂತೆ ಕುಳಿತು ‘ನನಗೆ ಹೀಗಾಯಿತಲ್ಲ’ ಎಂದು ಅವನು ಕೊರಗುವುದಿಲ್ಲ. ಬೆದೆಗೆ ಬಂದ ಹೆಣ್ಣಿನ ಕೂಗು ಎಲ್ಲಿಂದಲೋ ಕೇಳಿಸಿದಾಗ ಅನ್ನ ನೀರು ಬಿಟ್ಟು ಬಾಗಿಲು ಕೆರೆಯುವುದಿದೆಯಲ್ಲ, ಆ ತಳಮಳ ಮಾತ್ರ ಹೋಗುತ್ತದೆ.

ಉಬ್ಬಿದ ಕೆನ್ನೆಯ ಬಗ್ಗೆ ಹೆಮ್ಮೆಯಿಂದ ಬರೆದಿದ್ದೀರಿ. ಅದು ಬರಿಯ ಕೊಬ್ಬಲ್ಲ, ಗಂಡು ಹಾರ್ಮೋನಿನಿಂದ ದಪ್ಪಗಾದ ಚರ್ಮ. ಕಚ್ಚಿಸಿಕೊಳ್ಳಲೆಂದೇ ಪ್ರಕೃತಿ ಕೊಟ್ಟ ಗುರಾಣಿ. ಗುರಾಣಿ ಬೆಳೆಯಿತೆಂದರೆ ಯುದ್ಧ ನಡೆಯುತ್ತಿದೆ ಎಂದೇ ಅರ್ಥ. ಬೆಕ್ಕಿನ ಕೋರೆಹಲ್ಲು ಸೂಜಿಯಂತಹದು. ತೂತು ಸಣ್ಣದು, ಒಂದೇ ದಿನದಲ್ಲಿ ಮೇಲೆ ಮುಚ್ಚಿಕೊಳ್ಳುತ್ತದೆ. ಬಾಯಿಯ ಬ್ಯಾಕ್ಟೀರಿಯಾ ಒಳಗೆ ಉಳಿಯುತ್ತವೆ. ಎರಡರಿಂದ ಐದು ದಿನದಲ್ಲಿ ಕೀವು ತುಂಬಿ, ಜ್ವರ ಬಂದು, ಬೆಕ್ಕು ಮಂಚದ ಕೆಳಗೆ ಸೇರುತ್ತದೆ. ನನ್ನ ಮೇಜಿನ ಮೇಲೆ ಇಂಥವನ್ನು ಮಲಗಿಸಿ, ಗಟ್ಟಿಯಾದ ಕೂದಲಿನ ಹಕ್ಕಳೆ ಎತ್ತಿದ ಕೂಡಲೇ ಕೀವು ಚಿಮ್ಮಿ ಕೋಣೆಯೆಲ್ಲ ನಾರುವುದು ನನಗೆ ಮಾಮೂಲಿ. ಗಾಯವಿರುವ ಜಾಗ ನೋಡಿ ಜಗಳದ ಕಥೆಯನ್ನೂ ಹೇಳಬಹುದು: ಮುಖ, ಮುಂಗಾಲಿನ ಮೇಲಿದ್ದರೆ ಎದುರಿಸಿ ನಿಂತವನು, ಬಾಲದ ಬುಡದಲ್ಲಿದ್ದರೆ ಓಡುವಾಗ ಸಿಕ್ಕಿಬಿದ್ದವನು. ಹುಲಿಯಂತಹವು ಎಂದು ಮನೆಯವರು ಹೊಗಳಿದ ಎಷ್ಟೋ ಬೆಕ್ಕುಗಳ ಗಾಯ ಬಾಲದ ಬುಡದಲ್ಲೇ ಇತ್ತು ಎಂಬ ಗುಟ್ಟನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಕೀವು ವಾಸಿಯಾಗುತ್ತದೆ. ವಾಸಿಯಾಗದ್ದೂ ಒಂದಿದೆ. ಬೆಕ್ಕುಗಳಲ್ಲಿ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್‌ಐವಿ ಎಂಬ ವೈರಸ್ 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪತ್ತೆಯಾಯಿತು. ಮನುಷ್ಯರಿಗೆ ಅಂಟುವುದಿಲ್ಲ. ಬೆಕ್ಕಿನಿಂದ ಬೆಕ್ಕಿಗೆ ಮುಖ್ಯವಾಗಿ ಆಳವಾದ ಕಡಿತದಿಂದ ಹರಡುತ್ತದೆ, ಹಾಗಾಗಿ ಹೆಚ್ಚಾಗಿ ಸಿಕ್ಕಿಬೀಳುವುದು ಅಲೆಯುವ, ಕಾದುವ, ಬೀಜವಿರುವ ಗಂಡುಗಳೇ. ಗುಣಪಡಿಸುವ ಔಷಧವಿಲ್ಲ, ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬದುಕುತ್ತವೆ. ಆಪರೇಷನ್‌ಗೆ ಕರೆದೊಯ್ದಾಗ ಭೀಮನ ರಕ್ತವನ್ನು ಇದಕ್ಕಾಗಿ ಪರೀಕ್ಷೆ ಮಾಡಿಸಿ. ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿ. ಬೆಕ್ಕಿಗೂ ಆ ರೋಗ ಬರುತ್ತದೆ ಎಂಬುದನ್ನು ಜನ ಮರೆಯುತ್ತಾರೆ.

ಪಾಪದ ಲೆಕ್ಕ ನನಗೆ ತಿಳಿಯದು. ಐದಾರು ದಿನ ಬಾಗಿಲು ತೆರೆದಿಟ್ಟು ಕಾಯುವ ನಿಮ್ಮ ಸಂಕಟವನ್ನಾದರೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪ್ರಶ್ನೆ: ಡಾಕ್ಟರ್ ಆಂಟಿ, ನಾನು ಏಳನೆಯ ತರಗತಿ. ನಮ್ಮ ಬೆಕ್ಕು ಬಾಗಿಲ ಬಳಿ ಏನನ್ನೋ ಮೂಸಿ, ಬಾಯಿ ಅರ್ಧ ತೆರೆದು, ಮೂತಿ ಸೊಟ್ಟ ಮಾಡಿ ಹಾಗೇ ನಿಂತುಬಿಡುತ್ತಾನೆ. ಅವನಿಗೆ ವಾಂತಿ ಬರುತ್ತದೆಯೇ?

ಉತ್ತರ: ಇಲ್ಲ ಪುಟ್ಟಿ, ಅವನು ಓದುತ್ತಿದ್ದಾನೆ. ಬೆಕ್ಕಿನ ಬಾಯಿಯ ಮೇಲ್ಛಾವಣಿಯಲ್ಲಿ, ಮುಂದಿನ ಹಲ್ಲುಗಳ ಹಿಂದೆ, ಎರಡು ಸಣ್ಣ ರಂಧ್ರಗಳಿವೆ. ಅವು ಜೇಕಬ್ಸನ್ ಅಂಗ ಎಂಬ ಇನ್ನೊಂದು ‘ಮೂಗಿ’ಗೆ ದಾರಿ. ಬೇರೆ ಬೆಕ್ಕಿನ ಮೂತ್ರದ ವಾಸನೆಯನ್ನು ಅಲ್ಲಿಗೆ ಎಳೆದುಕೊಂಡು, ಬಂದದ್ದು ಗಂಡೋ ಹೆಣ್ಣೋ, ಬೆದೆಯಲ್ಲಿದೆಯೋ ಎಂದು ತಿಳಿಯುತ್ತಾನೆ. ಕುದುರೆ, ಹೋರಿಗಳೂ ತುಟಿ ಎತ್ತಿ ಹೀಗೇ ಮಾಡುತ್ತವೆ. ನಗು ಬಂದರೆ ನಗಬಹುದು, ಅವನು ಬೇಸರ ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ವರ್ಷದ ಹಿಂದೆಯೇ ಆಪರೇಷನ್ ಮಾಡಿಸಿದ್ದೇವೆ. ಆದರೂ ನಮ್ಮ ರಾಜ ಗಲೀಜು ಮಾಡುವುದು ನಿಂತಿಲ್ಲ. ಈಚೆಗಂತೂ ಸ್ನಾನದ ಮನೆಯಲ್ಲಿ, ಸೋಫಾದ ಮೇಲೆ ಹನಿ ಹನಿ ಮಾಡುತ್ತಾನೆ. ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಾನೆ, ಕೂಗುತ್ತಾನೆ. ಆಪರೇಷನ್ ಸರಿಯಾಗಿ ಆಗಿಲ್ಲವೇ?

ಉತ್ತರ: ನಿಮ್ಮ ಪತ್ರ ಬಂದ ದಿನವೇ ಫೋನ್ ಮಾಡಿದೆ. ಬೇರೆಯವರೂ ತಿಳಿದುಕೊಳ್ಳಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಹನಿ ಹನಿ, ಕೂಗು, ಮತ್ತೆ ಮತ್ತೆ ಕೂರುವುದು: ಇದು ನಡವಳಿಕೆಯಲ್ಲ, ರೋಗ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು. ಹರಳು, ಲೋಳೆ ಸೇರಿ ಬಿರಡೆಯಂತೆ ಕಟ್ಟಿಕೊಂಡರೆ ಮೂತ್ರ ಹಿಂದಕ್ಕೆ ಒತ್ತಿ ಮೂತ್ರಪಿಂಡ ಕೈಕೊಡುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ಪೂರ್ತಿ ಕಟ್ಟಿದ ಬೆಕ್ಕಿಗೆ ಉಳಿದಿರುವುದು ಒಂದೆರಡು ದಿನ, ಅಷ್ಟೇ. ಕೂತು ತಿಣುಕುತ್ತಿದೆ, ಏನೂ ಬರುತ್ತಿಲ್ಲ, ಹಿಂಭಾಗ ನೆಕ್ಕಿಕೊಳ್ಳುತ್ತಿದೆ, ವಾಂತಿ ಮಾಡುತ್ತಿದೆ ಎಂದರೆ ಅರ್ಧರಾತ್ರಿಯಾದರೂ ವೈದ್ಯರನ್ನು ಎಬ್ಬಿಸಿ. ‘ಮಲಬದ್ಧತೆ ಇರಬೇಕು, ನಾಳೆ ನೋಡೋಣ’ ಎಂದು ಕಾದು ಕಳೆದುಕೊಂಡವರ ಮುಖಗಳು ನನಗೆ ನೆನಪಿವೆ. ಬೀಜ ತೆಗೆಸಿದ್ದರಿಂದ ನಾಳ ಕಿರಿದಾಗಿ ಹೀಗಾಗುತ್ತದೆ ಎಂಬ ಮಾತು ಬಾಯಿಂದ ಬಾಯಿಗೆ ಹರಿದಾಡುತ್ತದೆ. ಅಳತೆ ಮಾಡಿ ನೋಡಿದವರಿಗೆ ಅಂಥ ವ್ಯತ್ಯಾಸ ಕಂಡಿಲ್ಲ. ಮೈ ಬೆಳೆದ, ಓಡಾಟವಿಲ್ಲದ, ನೀರು ಕಡಿಮೆ ಕುಡಿಯುವ ಬೆಕ್ಕಿಗೆ ಅಪಾಯ ಹೆಚ್ಚು ಎಂಬುದು ನಿಜ. ರಾಜನಿಗೆ ಸಕಾಲಕ್ಕೆ ಕೊಳವೆ ಹಾಕಿ ತೆರವು ಮಾಡಿದರೆಂದು ತಿಳಿದು ನನ್ನ ಜೀವವೂ ಬಂತು.

ರೋಗ ಇಲ್ಲದೆಯೂ ಕೆಲವು ಬೆಕ್ಕುಗಳು ಆಪರೇಷನ್ ಆದ ಮೇಲೂ ನಿಂತು ಹಾರಿಸುತ್ತವೆ. ಹತ್ತರಲ್ಲಿ ಒಂದು ಎಂದೆನಲ್ಲ, ಅದು. ಆಗ ನಾನು ಮೊದಲು ಕೇಳುವುದು, ಎರಡು ವೃಷಣಗಳನ್ನೂ ತೆಗೆದಿದ್ದಾರೆಯೇ ಎಂದು. ಒಂದು ಕೆಳಗಿಳಿಯದೆ ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಉಳಿದಿರಬಹುದು, ಅಲ್ಲಿಂದಲೇ ಹಾರ್ಮೋನು ಸುರಿಸುತ್ತಿರಬಹುದು. ಇದನ್ನು ಪತ್ತೆ ಮಾಡಲು ಸುಲಭದ ಉಪಾಯವಿದೆ. ಭೀಮನ ಉತ್ತರದಲ್ಲಿ ಹೇಳಿದ ಮುಳ್ಳುಗಳು ಹಾರ್ಮೋನು ಇರುವವರೆಗೆ ಮಾತ್ರ ಇರುತ್ತವೆ, ಬೀಜ ಹೋದ ಕೆಲವು ವಾರದಲ್ಲಿ ಕರಗುತ್ತವೆ. ಮುಳ್ಳು ಇನ್ನೂ ಇದ್ದರೆ ಕಳ್ಳ ಒಳಗೇ ಇದ್ದಾನೆ ಎಂದರ್ಥ.

ಮುಳ್ಳೂ ಇಲ್ಲದಿದ್ದರೆ ಮನೆಯ ಕಡೆ ಕಣ್ಣು ಹಾಯಿಸಿ. ಹೊರಗಿನ ಯಾವುದೋ ಬೆಕ್ಕು ರಾತ್ರಿ ಬಂದು ನಿಮ್ಮ ಬಾಗಿಲಿಗೆ ಹಾರಿಸಿ ಹೋಗುತ್ತಿರಬಹುದು. ಕಿಟಕಿ, ಬಾಗಿಲಿನ ಹತ್ತಿರವೇ ನಿಮ್ಮವನೂ ಹಾರಿಸುತ್ತಿದ್ದರೆ ಹೆಚ್ಚುಕಮ್ಮಿ ಅದೇ ಕಾರಣ. ಬಾಗಿಲ ಹೊರಮೈಯನ್ನೂ ತೊಳೆಯಿರಿ. ಮನೆಯಲ್ಲಿ ಬೆಕ್ಕುಗಳು ಎಷ್ಟಿವೆಯೋ ಅದಕ್ಕಿಂತ ಒಂದು ಹೆಚ್ಚು ಮರಳಿನ ತಟ್ಟೆ ಇರಲಿ, ಬೇರೆ ಬೇರೆ ಕಡೆ ಇರಲಿ, ದಿನವೂ ಎತ್ತಿ ಸ್ವಚ್ಛ ಮಾಡಿ. ಪರಿಮಳದ ಮರಳು ನಿಮ್ಮ ಮೂಗಿಗೆ ಹಿತ, ಅವನ ಮೂಗಿಗಲ್ಲ.

ಪ್ರಶ್ನೆ: ತುಂಬ ಸಾಧುವಾಗಿದ್ದ ನಮ್ಮ ಬೆಕ್ಕು (ಎರಡು ವರ್ಷ, ಆಪರೇಷನ್ ಆಗಿಲ್ಲ) ಮೊನ್ನೆ ಸಂಜೆ ಕಿಟಕಿಯಲ್ಲಿ ಕೂತು ಗುರುಗುಡುತ್ತಿತ್ತು. ಸಮಾಧಾನ ಮಾಡೋಣವೆಂದು ಬೆನ್ನು ಸವರಿದೆ. ತಿರುಗಿ ಮುಂಗೈಗೆ ನಾಲ್ಕು ಹಲ್ಲು ಊರಿತು. ಹುಚ್ಚು ಹಿಡಿದಿದೆಯೇ?

ಉತ್ತರ: ಮೊದಲು ನಿಮ್ಮ ಕೈ. ಕಚ್ಚಿದ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕಿತ್ತು. ಆಗ ತೊಳೆಯದಿದ್ದರೆ ಈಗ ತೊಳೆಯಿರಿ, ಇವತ್ತೇ ನಿಮ್ಮ ವೈದ್ಯರ ಬಳಿ ಹೋಗಿ. ಬೆಕ್ಕಿನ ಕಡಿತ ಮೇಲೆ ಸಣ್ಣದು, ಒಳಗೆ ಆಳ, ಕೈಯ ಕೀಲಿಗೆ ನಂಜೇರಿದರೆ ಕಷ್ಟ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಬೇಕೇ ಎಂಬುದನ್ನು ನಿರ್ಧರಿಸುವವರು ಅವರು, ನಾನೂ ಅಲ್ಲ, ನೀವೂ ಅಲ್ಲ.

ಈಗ ಬೆಕ್ಕು. ಕಿಟಕಿಯಾಚೆ ಇನ್ನೊಂದು ಗಂಡು ಕಂಡಿರಬೇಕು. ಮೈಯೆಲ್ಲ ಯುದ್ಧಕ್ಕೆ ಸಜ್ಜಾಗಿದೆ, ನಡುವೆ ಗಾಜು. ಅಷ್ಟರಲ್ಲಿ ಹಿಂದಿನಿಂದ ಏನೋ ಮುಟ್ಟಿತು. ಅದು ನಿಮ್ಮ ಕೈ ಎಂದು ತಿಳಿಯುವ ವ್ಯವಧಾನ ಆ ಗಳಿಗೆಯಲ್ಲಿ ಅವನಿಗಿರಲಿಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರಲ್ಲ, ಇಲ್ಲಿ ಕೊತ್ತಿಯೇ ಅದನ್ನು ನಿಮ್ಮ ಮೇಲೆ ತೀರಿಸಿಕೊಂಡಿದೆ. ಆ ಕಾವು ಇಳಿಯಲು ಗಂಟೆಗಳೇ ಬೇಕು, ಕೆಲವೊಮ್ಮೆ ಮರುದಿನವೂ ಇರುತ್ತದೆ. ಕಣ್ಣಿನ ಪಾಪೆ ಅಗಲವಾಗಿ, ಬಾಲ ಪಟಪಟ ಬಡಿಯುತ್ತಿರುವ ಬೆಕ್ಕನ್ನು ಮುಟ್ಟಬೇಡಿ, ಎತ್ತಬೇಡಿ, ಮುದ್ದು ಮಾತೂ ಬೇಡ. ದೀಪ ಆರಿಸಿ, ಬಾಗಿಲೆಳೆದು, ಅವನ ಪಾಡಿಗೆ ಬಿಡಿ. ಕಿಟಕಿಯ ಕೆಳಗಿನ ಅರ್ಧಕ್ಕೆ ಮಸುಕು ಕಾಗದ ಅಂಟಿಸಿ. ಆಪರೇಷನ್ ಮಾಡಿಸಿದರೆ ಗಂಡು ಗಂಡಿನ ಹಗೆ ಬಹಳ ಇಳಿಯುತ್ತದೆ, ಕಿಟಕಿಯ ಕಾಗದ ಮಾತ್ರ ಹಾಗೇ ಇರಲಿ.

ಪ್ರಶ್ನೆ: ಕೊಯ್ಯದೆ ಮಾತ್ರೆಯಲ್ಲೇ ಮುಗಿಸಲು ಆಗುವುದಿಲ್ಲವೇ?

ಉತ್ತರ: ಹಾರ್ಮೋನಿನ ಮಾತ್ರೆಗಳಿವೆ. ಸಕ್ಕರೆ ಕಾಯಿಲೆ, ಸ್ತನಗ್ರಂಥಿಯ ಬಾವು ತರುವ ಖ್ಯಾತಿಯೂ ಅವಕ್ಕಿದೆ, ನಾನು ಬರೆದುಕೊಡುವುದಿಲ್ಲ. ಡೆಸ್ಲೊರೆಲಿನ್ ಎಂಬ ಔಷಧದ ಸಣ್ಣ ಕಡ್ಡಿಯನ್ನು ಚರ್ಮದಡಿ ಇಡುವ ವಿಧಾನವಿದೆ. ಮೊದಲ ಕೆಲವು ವಾರ ಹಾರ್ಮೋನು ಏರಿ, ಆಮೇಲೆ ಇಳಿಯುತ್ತದೆ, ಕೆಲಸ ತಾತ್ಕಾಲಿಕ. ಅರಿವಳಿಕೆ ತಡೆಯಲಾರದ ಬೆಕ್ಕಿಗೆ ಅದು ಸರಿ. ನಿಮ್ಮದು ಗಟ್ಟಿಮುಟ್ಟಾಗಿದ್ದರೆ ಕತ್ತಿಯೇ ಲೇಸು.

ಪ್ರಶ್ನೆ: ಮೊನ್ನೆ ನಮ್ಮ ಮುದ್ದುವಿಗೆ ಆಪರೇಷನ್ ಆಯಿತು. ಮನೆಗೆ ತಂದರೆ ಜೊತೆಯಲ್ಲೇ ಬೆಳೆದ ನಮ್ಮ ಹೆಣ್ಣು ಬೆಕ್ಕು ಬೆಳ್ಳಿ ಅವನನ್ನು ಕಂಡು ‘ಹುಸ್’ ಎಂದು ಹಲ್ಲು ಕಿರಿಯುತ್ತದೆ. ಅವನು ಬದಲಾಗಿಬಿಟ್ಟನೇ? ಇನ್ನೂ ಏನೇನು ಜೋಪಾನ ಮಾಡಬೇಕು?

ಉತ್ತರ: ಜೋಪಾನದ ಮಾತು ಮೊದಲು. ನೋವಾಗುತ್ತಿದೆಯೆಂದು ನಿಮ್ಮ ಡಬ್ಬಿಯಲ್ಲಿರುವ ಪ್ಯಾರಸಿಟಮಾಲ್ ಅನ್ನು ಚೂರು ಕೂಡ ಕೊಡಬೇಡಿ. ಬೆಕ್ಕಿಗೆ ಅದರಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದು ಬಣ್ಣಕ್ಕೆ ತಿರುಗಿ ಸಾಯುತ್ತದೆ. ನೋವಿನ ಔಷಧ ವೈದ್ಯರೇ ಕೊಟ್ಟಿರುತ್ತಾರೆ. ಗಾಯ ನೆಕ್ಕದಂತೆ ಕೊರಳಪಟ್ಟಿ ಇರಲಿ. ಮೂರ್ನಾಲ್ಕು ದಿನ ಮರಳಿನ ಬದಲು ಹರಿದ ಕಾಗದ ಹಾಕಿ, ಧೂಳು ಗಾಯಕ್ಕೆ ಮೆತ್ತುವುದಿಲ್ಲ. ವೃಷಣದ ಚೀಲ ಊದಿ ಕೆಂಪಾದರೆ, ಒಂದು ದಿನ ಕಳೆದರೂ ಊಟ ಮುಟ್ಟದಿದ್ದರೆ ಕರೆದೊಯ್ಯಿರಿ.

ಬೆಳ್ಳಿಗೆ ಆಪರೇಷನ್ ಆಗಿದೆಯೇ ಎಂದು ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಎಚ್ಚರ. ನಾಳಗಳಲ್ಲಿ ಉಳಿದ ವೀರ್ಯಾಣುಗಳಿಂದ ಮುದ್ದು ಇನ್ನೂ ಕೆಲವು ವಾರ ತಂದೆಯಾಗಬಲ್ಲ. ಬೆಳ್ಳಿ ಬೆದೆಗೆ ಬಂದರೆ ಆರು ವಾರದವರೆಗಾದರೂ ಬೇರೆ ಕೋಣೆ. ತಿಂಡಿಯ ಅಳತೆಯನ್ನೂ ಗಮನಿಸಿ. ಬೀಜ ಹೋದ ಬೆಕ್ಕಿಗೆ ಬೇಕಾದ ಶಕ್ತಿ ಇಳಿಯುತ್ತದೆ, ಹಸಿವು ಏರುತ್ತದೆ. ಕಾಲು ಭಾಗದಷ್ಟು ಕಡಿಮೆ ಹಾಕಿ. ಪಕ್ಕೆಯ ಮೇಲೆ ಕೈಯಾಡಿಸಿದಾಗ ಎಲುಬು ಬೆರಳಿಗೆ ಸಿಗುತ್ತಿರಬೇಕು.

ಇನ್ನು ಬೆಳ್ಳಿಯ ಸಿಟ್ಟು. ಮುದ್ದು ಬದಲಾಗಿಲ್ಲ, ಅವನ ವಾಸನೆ ಬದಲಾಗಿದೆ. ಸ್ಪಿರಿಟ್ಟು, ಔಷಧ, ಇನ್ಯಾರದೋ ನಾಯಿಯ ಭಯ, ನನ್ನಂಥವರ ಕೈಗವಸು ಎಲ್ಲ ಮೆತ್ತಿಕೊಂಡು ಬಂದಿದ್ದಾನೆ. ಬೆಳ್ಳಿಯ ಲೆಕ್ಕದಲ್ಲಿ ಮುದ್ದುವಿನ ವೇಷ ಹಾಕಿದ ಪರಕೀಯನೊಬ್ಬ ಮನೆಗೆ ನುಗ್ಗಿದ್ದಾನೆ. ಇಬ್ಬರನ್ನೂ ಒಂದೆರಡು ದಿನ ಬೇರೆ ಬೇರೆ ಕೋಣೆಯಲ್ಲಿಡಿ. ಒಂದು ಹಳೆಯ ಟವೆಲ್ ತೆಗೆದುಕೊಂಡು ಬೆಳ್ಳಿಯ ಕೆನ್ನೆ, ಕುತ್ತಿಗೆಗೆ ಮೃದುವಾಗಿ ಒರೆಸಿ, ಅದೇ ಟವೆಲನ್ನು ಮುದ್ದು ಮಲಗುವ ಜಾಗದಲ್ಲಿ ಹಾಸಿ. ಮಾರನೆಯ ದಿನ ಅವನು ಮಲಗೆದ್ದ ಆ ಟವೆಲನ್ನು ಬೆಳ್ಳಿಯ ಊಟದ ಬಟ್ಟಲಿನ ಪಕ್ಕ ಇಡಿ. ಮೂಸಿ ‘ಹುಸ್’ ಎಂದರೆ ಇನ್ನೊಂದು ದಿನ ಕಾಯಿರಿ. ಮೂಸಿ ಊಟಕ್ಕೆ ಬಾಯಿ ಹಾಕಿದರೆ ಬಾಗಿಲು ತೆರೆಯಬಹುದು.